ಲೆವಿಟಿನ್ ಆದ ಮೇಲೆ ಯಾವ ಪುಸ್ತಕ?

ವಿಟಿಯು ಪರೀಕ್ಷೆಗೆ ಲೆವಿಟಿನ್ ಅವರ ಅಲ್ಗಾರಿದಮ್ (ಸಮಸ್ಯೆ ಬಿಡಿಸುವ ಹಂತಹಂತದ ವಿಧಾನ) ಪುಸ್ತಕ ಓದಿ ಮುಗಿಸಿದ್ದೀರಿ, ಅದೇ ವಿಷಯದ ಕಾರ್ಮೆನ್ ಪುಸ್ತಕ ತೆರೆದರೆ ತಲೆ ಗಿರ್ರೆನ್ನುತ್ತದೆ, ಮುಂದೇನು ಅಂತ ಕೇಳಿದ್ದೀರಿ. ಕಾರ್ಮೆನ್ ಅನ್ನು ಮೊದಲ ಪುಟದಿಂದ ಓದಲು ಹೋಗಬೇಡಿ. ಸುಮಾರು 1300 ಪುಟ ಇದೆ. ಬೇಕಾದಾಗ ತೆಗೆದು ನೋಡಿದರೆ ಸಾಕು.

ನಿಮಗೆ ಈಗ ಹೊಂದುವುದು ಕ್ಲೈನ್‌ಬರ್ಗ್, ಟಾರ್ಡೋಸ್ ಬರೆದ 'ಅಲ್ಗಾರಿದಮ್ ಡಿಸೈನ್'. ಅದರ ಗ್ರೀಡಿ (ಪ್ರತಿ ಹೆಜ್ಜೆಯಲ್ಲೂ ಆ ಕ್ಷಣಕ್ಕೆ ಒಳ್ಳೆಯದು ಅನ್ನಿಸಿದ್ದನ್ನು ಆರಿಸುವ ವಿಧಾನ) ಅಧ್ಯಾಯ ಶುರುವಾಗುವ ಸಮಸ್ಯೆಯನ್ನೇ ತೆಗೆದುಕೊಳ್ಳಿ. ಇರುವುದು ಒಂದೇ ಕೋಣೆ, ಅದರಲ್ಲಿ ಆದಷ್ಟು ಜಾಸ್ತಿ ಕ್ಲಾಸ್ ನಡೆಸಬೇಕು. ಚಿಕ್ಕ ಕ್ಲಾಸನ್ನೇ ಮೊದಲು ಆರಿಸಿದರೆ ಸರಿ ಅನ್ನಿಸುತ್ತದೆ ಅಲ್ವಾ? 9ರಿಂದ 11, 10.45ರಿಂದ 11.15, 11ರಿಂದ 1 ಅಂತ ಮೂರು ಕ್ಲಾಸ್ ಇಟ್ಟು ನೋಡಿ. ನಡುವಿನ ಅರ್ಧ ಗಂಟೆಯದನ್ನು ಹಿಡಿದರೆ ಉಳಿದೆರಡೂ ಹೋದವು! ಬೇಗ ಮುಗಿಯುವುದನ್ನು ಆರಿಸುತ್ತಾ ಹೋದರೆ ಎರಡು ಸಿಗುತ್ತವೆ. ಅದು ಯಾವಾಗಲೂ ಯಾಕೆ ಸರಿ ಎನ್ನುವ ಪ್ರೂಫ್ ಅಲ್ಲೇ ಇದೆ. ಸುಮ್ನೆ ಓದಬೇಡಿ, ಪುಸ್ತಕ ಮುಚ್ಚಿ ಕೈಯಲ್ಲಿ ಬರೆಯಿರಿ.

ದುಡ್ಡು ಹಾಕುವ ಮುಂಚೆ ಜೆಫ್ ಎರಿಕ್‌ಸನ್ ಅವರ 'ಅಲ್ಗಾರಿದಮ್ಸ್' (2019) ಇಳಿಸಿಕೊಳ್ಳಿ. ಅವರ ವೆಬ್‌ಸೈಟಿನಲ್ಲೇ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಮೊದಲು ಬ್ಯಾಕ್‌ಟ್ರ್ಯಾಕಿಂಗ್ (ಒಂದೊಂದೇ ಆಯ್ಕೆ ಮಾಡಿ ನೋಡಿ, ಆಗದಿದ್ದರೆ ಹಿಂದೆ ಬರುವುದು) ಹೇಳಿ, ಆಮೇಲೆ ಡೈನಾಮಿಕ್ ಪ್ರೋಗ್ರಾಮಿಂಗ್‌ಗೆ (ಚಿಕ್ಕ ಭಾಗಗಳ ಉತ್ತರವನ್ನು ಟೇಬಲ್‌ನಲ್ಲಿ ಬರೆದಿಟ್ಟು ಮತ್ತೆ ಬಳಸುವುದು) ಬರುತ್ತಾರೆ. ಆ ಟೇಬಲ್ ಎಲ್ಲಿಂದ ಹುಟ್ಟಿತು ಅನ್ನುವುದು ಆಗ ತಿಳಿಯುತ್ತದೆ. ಬರೀ ಇಂಟರ್‌ವ್ಯೂಗೆ ಅಂದರೆ ಸ್ಟೀವನ್ ಸ್ಕೀನಾ ಅವರ 'ದಿ ಅಲ್ಗಾರಿದಮ್ ಡಿಸೈನ್ ಮ್ಯಾನುಯಲ್' ಸಾಕು.