ಕಾಡಿಗೊಂದು ಚಾಕು: ಬಾಯಿ ಹೇಗಿರಬೇಕು, ಉಕ್ಕು ಯಾವುದು?

ಪ್ರಶ್ನೆ: ಕೊಪ್ಪದ ಹತ್ತಿರ ತೋಟ ಇದೆ. ಕಾಡು ಸುತ್ತುವಾಗ ಗೂಟ ಕೆತ್ತಲು, ಒಲೆಗೆ ಚಕ್ಕೆ ಸೀಳಲು ಚಾಕು ಮಾಡಿಸಬೇಕು. ಯಾವ ಗ್ರೈಂಡ್ (ಬಾಯಿಯ ಕಡೆಗೆ ಅಲಗನ್ನು ಇಳಿಜಾರಾಗಿ ಸವೆಸುವ ರೀತಿ), ಯಾವ ಉಕ್ಕು ಹೇಳಲಿ ಸರ್?

ಉತ್ತರ: ಕೆತ್ತುವುದೇ ಜಾಸ್ತಿ ಅಲ್ವಾ, ಹಾಗಾದರೆ ಸ್ಕ್ಯಾಂಡಿ ಗ್ರೈಂಡ್ ಹೇಳಿ. ಸ್ವೀಡನ್ನಿನ ಮೋರಾ ಚಾಕುಗಳಲ್ಲಿ ಇರುವುದು ಇದೇ. ಅಲಗು ಮೇಲೆ ದಪ್ಪವಾಗಿಯೇ ಇದ್ದು, ಕೆಳಗೆ ಒಂದೇ ಇಳಿಜಾರು ನೇರ ಬಾಯಿಗೆ ಬರುತ್ತದೆ. ಮಸೆಯುವಾಗ ಆ ಇಳಿಜಾರನ್ನು ಪೂರ್ತಿ ಸಾಣೆಕಲ್ಲಿಗೆ ಒತ್ತಿ ಹಿಡಿದರಾಯ್ತು, ಕೋನ ತಾನಾಗಿಯೇ ಸಿಗುತ್ತದೆ. ಆದರೆ ಕ್ಯಾರೆಟ್ ಹೆಚ್ಚಲು ಹೋದರೆ ಕತ್ತರಿಸುವ ಬದಲು ಸೀಳುತ್ತದೆ. ಅಡುಗೆಗೂ ಅದೇ ಚಾಕು ಬೇಕಿದ್ದರೆ ಫುಲ್ ಫ್ಲಾಟ್, ಅಂದರೆ ಬೆನ್ನಿನಿಂದ ಬಾಯಿಯವರೆಗೂ ಸಮವಾಗಿ ತೆಳುವಾಗುತ್ತಾ ಬರುವ ಗ್ರೈಂಡ್ ಒಳ್ಳೆಯದು.

1095, ಓ1 ತರಹದ ಕಾರ್ಬನ್ ಉಕ್ಕು ಮಸೆಯಲು ಸುಲಭ, ಆದರೆ ನಿಮ್ಮ ಕಡೆಯ ಮಳೆಗಾಲದಲ್ಲಿ ಒದ್ದೆ ಚರ್ಮದ ಒರೆಯೊಳಗೆ ಒಂದು ರಾತ್ರಿ ಬಿಟ್ಟರೆ ಸಾಕು, ಬೆಳಗ್ಗೆ ಕೆಂಪು ಚುಕ್ಕಿ ಎದ್ದಿರುತ್ತದೆ. ನಾನಾದರೆ 14ಸಿ28ಎನ್ ಆರಿಸುತ್ತೇನೆ. ಸುಮಾರು 14% ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಅದು, ಬಾಯಿಯೂ ಬೇಗ ಮುಕ್ಕಾಗುವುದಿಲ್ಲ. ಇದಕ್ಕೆ ಸಾವಿರ ಡಿಗ್ರಿ ಮೀರಿದ, ಹಿಡಿತದಲ್ಲಿರುವ ಕಾವು ಬೇಕು, ಊರಿನ ಕುಲುಮೆಯಲ್ಲಿ ಹದ ಬರುವುದು ಕಷ್ಟ. ಕುಲುಮೆಯಲ್ಲೇ ಮಾಡಿಸುವುದಾದರೆ ಲಾರಿಯ ಸ್ಪ್ರಿಂಗ್ ಪಟ್ಟಿ ಧೈರ್ಯವಾಗಿ ಕೊಡಿ, ಸಣ್ಣ ಬಿರುಕು ಇದೆಯಾ ನೋಡಿ. ದಪ್ಪ 4 ಮಿ.ಮೀ. ದಾಟುವುದು ಬೇಡ.