ಬೋರ್ ಲಾರಿಗೆ ಒಂದು ದಿನ, ತೈಲದ ರಿಗ್‌ಗೆ ಯಾಕೆ ಅಷ್ಟು ಹೊತ್ತು?

ಪ್ರಶ್ನೆ: ನಮ್ಮ ಕಾಫಿ ತೋಟಕ್ಕೆ ಬೆಳಿಗ್ಗೆ ಬಂದ ಬೋರ್ ಲಾರಿ ಸಂಜೆಯೊಳಗೆ 400 ಅಡಿ ಕೊರೆಯಿತು. ರಾಜಮಂಡ್ರಿ ಕಡೆ ತೈಲ ರಿಗ್‌ನಲ್ಲಿರುವ ಅಣ್ಣನ ಮಗ ಕೆಲವು ದಿನ 60 ಮೀಟರ್ ಕೂಡ ಆಗುವುದಿಲ್ಲ ಅನ್ನುತ್ತಾನೆ. ಅಷ್ಟು ದೊಡ್ಡ ಯಂತ್ರಕ್ಕೆ ಏನಾಗಿದೆ?
— ಬೆಳೆಗಾರರು, ಸೋಮವಾರಪೇಟೆ

ಉತ್ತರ: ಯಂತ್ರಕ್ಕೇನೂ ಆಗಿಲ್ಲ. ನಿಮ್ಮ ಲಾರಿಯ ರಾಡಿನ ತುದಿಯಲ್ಲಿದ್ದದ್ದು ಕಂಪ್ರೆಸರ್ ಗಾಳಿಯಿಂದ ಬಡಿಯುವ ಹ್ಯಾಮರ್. ಬಂಡೆ ಕುಟ್ಟುವುದೂ ಅದೇ ಗಾಳಿ, ಕಲ್ಲುಪುಡಿಯನ್ನು ಮೇಲಕ್ಕೆ ಊದುವುದೂ ಅದೇ ಗಾಳಿ. ಮೇಲಿನ ಮಣ್ಣಿಗೆ ಕೇಸಿಂಗ್ ಇಳಿಸಿದರೆ ಸಾಕು, ಕೆಳಗಿನ ಬಂಡೆಯ ತೂತು ತಾನೇ ನಿಲ್ಲುತ್ತದೆ.

ತೈಲದ ಬಾವಿಯನ್ನು ಹಾಗೆ ಖಾಲಿ ಬಿಟ್ಟರೆ ಕೆಳಗಿನ ಅನಿಲ ನುಗ್ಗಿ ಬರುತ್ತದೆ. ಅದನ್ನು ತಡೆಯಲು ಬೆಂಟೊನೈಟ್ ಜೇಡಿ, ಬೆರೈಟ್ ಎಂಬ ತೂಕದ ಖನಿಜ ಕಲಸಿದ ‘ಮಡ್’ ಎಂಬ ಭಾರದ ಕೆಸರುನೀರು ಬಾವಿಯ ತುಂಬ ಇರಬೇಕು. ಆ ಭಾರವೇ ಬಿಟ್ (ಪೈಪಿನ ತುದಿಯಲ್ಲಿ ತಿರುಗುತ್ತ ಕೊರೆಯುವ ಉಪಕರಣ) ಒಡೆದ ಚೂರುಗಳನ್ನು ತಳಕ್ಕೆ ಒತ್ತಿ ಹಿಡಿಯುತ್ತದೆ. ಬಿಟ್ ಅರೆದದ್ದನ್ನೇ ಮತ್ತೆ ಅರೆಯುತ್ತದೆ. ಮಡ್ ಬೇಕಾದದ್ದಕ್ಕಿಂತ ಭಾರವಾದಷ್ಟೂ ವೇಗ ಇಳಿಯುತ್ತದೆ.

ಇನ್ನೊಂದು, ಯಾವ ವೇಗದ ಮಾತು ಎಂಬುದು. ಬಿಟ್ ತಳದಲ್ಲಿ ಕೊರೆಯುವ ಹೊತ್ತಿನ ವೇಗ ಬೇರೆ, ಇಡೀ ದಿನದ ಸರಾಸರಿ ಬೇರೆ. 2,500 ಮೀಟರ್ ಆಳದಲ್ಲಿ ಬಿಟ್ ಸವೆದರೆ ಪೈಪನ್ನೆಲ್ಲ ಮೇಲೆತ್ತಿ, ಹೊಸ ಬಿಟ್ ಹಾಕಿ, ಮತ್ತೆ ಇಳಿಸಬೇಕು. ಅದಕ್ಕೆ 10 ಗಂಟೆ ಹಿಡಿಯಿರಿ. ಗಂಟೆಗೆ 12 ಮೀಟರ್ ಕೊರೆದು 10 ಗಂಟೆಯಲ್ಲೇ ಸವೆಯುವ ಬಿಟ್‌ನ ನಿಜವಾದ ಸರಾಸರಿ 6 ಮೀಟರ್. ಗಂಟೆಗೆ 9 ಮೀಟರ್‌ನಂತೆ 50 ಗಂಟೆ ಬಾಳುವುದು 7.5 ಕೊಡುತ್ತದೆ. ನಿಧಾನದ್ದೇ ಗೆದ್ದಿತಲ್ಲ! ಅಣ್ಣನ ಮಗ ಹೇಳಿದ 60 ಮೀಟರ್ ಇಂಥ ದಿನದ ಲೆಕ್ಕ ಇರಬಹುದು.

ಪ್ರಶ್ನೆ: ಬಿಟ್ ಮೇಲೆ ಇನ್ನಷ್ಟು ಭಾರ ಹಾಕಿದರೆ ಬೇಗ ಆಗುವುದಿಲ್ಲವೆ?
— ಡಿಪ್ಲೊಮಾ ವಿದ್ಯಾರ್ಥಿ, ಮಡಿಕೇರಿ

ಉತ್ತರ: ಒಂದು ಮಟ್ಟದವರೆಗೆ ಆಗುತ್ತದೆ. ಆಮೇಲೆ ಭಾರ ಏರಿದರೂ ವೇಗ ಏರುವುದಿಲ್ಲ. ಆ ಮಟ್ಟ ಹುಡುಕುವ ಹಳೆಯ ಉಪಾಯ ಇದು: ಬಿಟ್ ಮೇಲೆ ಹೆಚ್ಚಿನ ಭಾರ ಕೊಟ್ಟು, ಪೈಪನ್ನು ಮೇಲಿನಿಂದ ಹಿಡಿದಿರುವ ಬ್ರೇಕ್ ಬಿಗಿಯಿರಿ, ಸುತ್ತುವ ವೇಗ ಬದಲಿಸಬೇಡಿ. ಬಿಟ್ ಕೊರೆದುಕೊಂಡು ಇಳಿದಂತೆ ಭಾರ ತಾನೇ ಕರಗುತ್ತದೆ. ಪ್ರತಿ 2 ಟನ್ ಇಳಿಯಲು ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳಿ. ಎಲ್ಲಿ ಕಡಿಮೆ ಸೆಕೆಂಡ್ ಹಿಡಿಯಿತೋ ಆ ಭಾರವೇ ಸರಿ. ಬಂಡೆ ಬದಲಾದರೆ ಮತ್ತೆ ಮೊದಲಿನಿಂದ ನೋಡಬೇಕು.

ಜೇಡಿ ಪದರದಲ್ಲಿ ಬೇರೆಯದೇ ತಾಪತ್ರಯ. ಜೇಡಿ ಬಿಟ್‌ಗೆ ಮೆತ್ತಿ ಮುದ್ದೆಯಾಗುತ್ತದೆ. ವೇಗವೂ ತಿರುಚುಬಲವೂ ಒಟ್ಟಿಗೆ ಬಿದ್ದು, ಮಡ್ ತಳ್ಳುವ ಪಂಪ್‌ನ ಒತ್ತಡ ತುಸು ಏರಿದರೆ ಇದೇ ಎಂದು ಅನುಮಾನಿಸಿ. ಆಗ ಭಾರ ಹೇರುವುದು ಎಲ್ಲರೂ ಮಾಡುವ ತಪ್ಪು. ಮುದ್ದೆ ಇನ್ನೂ ಬಿಗಿಯುತ್ತದೆ. ಬಿಟ್ಟನ್ನು ತಳದಿಂದ ಎತ್ತಿ, ಪಂಪ್ ಜೋರು ಮಾಡಿ, ವೇಗವಾಗಿ ಸುತ್ತಿಸಿ ತೊಳೆಯಬೇಕು. ತಿರುಚುಬಲ ಒಂದೇ ಸಮ ಏರಿಳಿಯುತ್ತಿದ್ದರೆ ಮಾತ್ರ ಅದು ಮುದ್ದೆಯಲ್ಲ, ಬಿಟ್ ತಡೆದು ತಡೆದು ತಿರುಗುತ್ತಿದೆ. ಅದಕ್ಕೆ ಭಾರ ಇಳಿಸಿ, ಸುತ್ತು ಹೆಚ್ಚಿಸಿ.

ಪ್ರಶ್ನೆ: ನಮ್ಮ ಬೋರ್‌ನಲ್ಲಿ ರಾಡ್ ಗಬಕ್ಕನೆ ಇಳಿಯಿತು, ನೀರು ಬಂತು. ತೈಲದ ಬಾವಿಯಲ್ಲೂ ಹೀಗೆ ಖುಷಿ ಪಡುತ್ತಾರೆಯೆ?
— ಓದುಗರು, ವಿರಾಜಪೇಟೆ

ಉತ್ತರ: ಮೊದಲು ಹೆದರುತ್ತಾರೆ. ನಿಮ್ಮಲ್ಲಿ ಸಿಕ್ಕಿದ್ದು ಬಂಡೆಯ ಬಿರುಕು. ಅಲ್ಲಿ ವೇಗ ದಿಢೀರನೆ ಏರಿದರೆ ರಂಧ್ರವುಳ್ಳ ಪದರ ಸಿಕ್ಕಿರಬಹುದು, ಅದರಲ್ಲಿ ಮಡ್‌ನ ಭಾರಕ್ಕೂ ಜಗ್ಗದ ಅನಿಲ ಇರಬಹುದು. ಆದ್ದರಿಂದ ಕೊರೆಯುವುದನ್ನು ಮುಂದುವರಿಸುವುದಿಲ್ಲ: ಬಿಟ್ ಎತ್ತಿ, ಸುತ್ತು ನಿಲ್ಲಿಸಿ, ಪಂಪ್ ಆರಿಸಿ, ಬಾವಿಯ ಬಾಯಿ ನೋಡುತ್ತಾರೆ. ಪಂಪ್ ನಿಂತ ಮೇಲೂ ಮಡ್ ಹೊರಗೆ ಹರಿಯುತ್ತಿದ್ದರೆ ಬಾವಿಯ ಬಾಯಿಯಲ್ಲಿರುವ ತಡೆಕವಾಟ ತಕ್ಷಣ ಮುಚ್ಚಬೇಕು. ಹರಿಯದಿದ್ದರೆ ಕೆಲಸ ಮುಂದಕ್ಕೆ.

ಅಂದಹಾಗೆ, ಕೊಡಗಿನ ಬೋರ್‌ನಲ್ಲಿ ತೈಲ ಬರಬಹುದೆ ಎಂದೂ ಕೇಳಿದ್ದೀರಿ. ಇಲ್ಲ. ತೈಲ ಹುಟ್ಟುವುದು ಹೂಳು ಪದರುಗಟ್ಟಿದ ಕಲ್ಲಿನಲ್ಲಿ. ನಿಮ್ಮ ಕಾಲಡಿ ಇರುವುದು ನೈಸ್‌ನಂಥ ಪುರಾತನ ಗಟ್ಟಿಶಿಲೆ.