ಆದೇಶ ವಿಧಾನದಲ್ಲಿ 11 = 11 ಅಂತ ಬಂದರೆ ಏನರ್ಥ?

ಒಂದು ಸಮೀಕರಣದಿಂದ ಒಂದು ಅಕ್ಷರವನ್ನು ಬಿಡಿಸಿಕೊಂಡು ಇನ್ನೊಂದಕ್ಕೆ ಹಾಕುವುದೇ ಆದೇಶ ವಿಧಾನ. ನೀವು ಕೊಟ್ಟ ಲೆಕ್ಕ ಇದು: 3ಎಕ್ಸ್ + ವೈ = 11, 2ಎಕ್ಸ್ − 5ವೈ = −4. ಮೊದಲನೆಯದರಿಂದ ವೈ = 11 − 3ಎಕ್ಸ್ ಅಂತ ತೆಗೆದಿದ್ದೀರಿ. ಅಲ್ಲಿವರೆಗೆ ಸರಿ. ಆಮೇಲೆ ಅದನ್ನು ವಾಪಸ್ ಮೊದಲ ಸಮೀಕರಣಕ್ಕೇ ಹಾಕಿದ್ದೀರಿ. ಅದಕ್ಕೇ ಎಕ್ಸ್ ಹೊಡೆದುಹೋಗಿ 11 = 11 ಉಳಿಯಿತು.

ವೈ = 11 − 3ಎಕ್ಸ್ ಅಂದರೆ ಮೊದಲ ಸಮೀಕರಣವೇ ಅಲ್ವಾ? ಬರೆದ ರೀತಿ ಮಾತ್ರ ಬೇರೆ. ಅದನ್ನು ಅದಕ್ಕೇ ಹಾಕಿದರೆ ಹೊಸದೇನೂ ಗೊತ್ತಾಗುವುದಿಲ್ಲ. ನೀವಿನ್ನೂ ಮುಟ್ಟದೇ ಇರುವುದು ಎರಡನೆಯದು. ಅಲ್ಲಿಗೆ ಹಾಕಿ:

2ಎಕ್ಸ್ − 5(11 − 3ಎಕ್ಸ್) = −4
2ಎಕ್ಸ್ − 55 + 15ಎಕ್ಸ್ = −4
17ಎಕ್ಸ್ = 51

ಎಕ್ಸ್ = 3. ವೈ = 11 − 9 = 2.

ಎರಡನೇ ಸಾಲನ್ನು ನಿಧಾನವಾಗಿ ನೋಡಿ. −5 ಅನ್ನು −3ಎಕ್ಸ್‌ಗೂ ಗುಣಿಸಬೇಕು, ಆಗ ಪ್ಲಸ್ 15ಎಕ್ಸ್ ಆಗುತ್ತದೆ. ಬ್ರಾಕೆಟ್ ಹಾಕದೆ ಬರೆದರೆ ಚಿಹ್ನೆ ತಪ್ಪುವುದು ಇಲ್ಲೇ. ಕೊನೆಗೆ ಉತ್ತರವನ್ನು ಎರಡರಲ್ಲೂ ತಾಳೆ ನೋಡಿ: 9 + 2 = 11, 6 − 10 = −4.

ಸರಿಯಾದ ಕಡೆ ಹಾಕಿದರೂ ಕೆಲವು ಸಲ ಎಕ್ಸ್, ವೈ ಎರಡೂ ಹೋಗಿಬಿಡುತ್ತವೆ. ಎಕ್ಸ್ + 2ವೈ = 4, 2ಎಕ್ಸ್ + 4ವೈ = 8 ಮಾಡಿ ನೋಡಿ, 8 = 8 ಬರುತ್ತದೆ. ಗ್ರಾಫ್‌ನಲ್ಲಿ ಎಳೆದರೆ ಎರಡೂ ಒಂದೇ ರೇಖೆ, ಪರಿಹಾರಗಳು ಲೆಕ್ಕವಿಲ್ಲದಷ್ಟು. ಆ 8ರ ಬದಲು 12 ಇದ್ದರೆ 8 = 12 ಬರುತ್ತದೆ. ಅವು ಸಮಾಂತರ ರೇಖೆಗಳು, ಪರಿಹಾರವೇ ಇಲ್ಲ.

ಯಾವ ಅಕ್ಷರವನ್ನು ಬಿಡಿಸಿಕೊಳ್ಳಬೇಕು ಅಂತಲೂ ಕೇಳಿದ್ದೀರಿ. ಸಹಗುಣಕ, ಅಂದರೆ ಅಕ್ಷರವನ್ನು ಗುಣಿಸುವ ಸಂಖ್ಯೆ, 1 ಇರುವುದನ್ನು. ಅಂಥದ್ದು ಇಲ್ಲದಿದ್ದರೆ ಭಿನ್ನರಾಶಿ ಎಳೆದಾಡುವ ಬದಲು ಮೊದಲು ಕೂಡಿ, ಕಳೆದು ನೋಡುವುದು ನನಗೆ ಇಷ್ಟ. ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಕೊಟ್ಟ ಒಂದು ಲೆಕ್ಕ ಇದಕ್ಕೆ ಹೇಳಿ ಮಾಡಿಸಿದ್ದು. 9 ಮಾದಳ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107. 7 ಮಾದಳ, 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು?

ಮಾದಳ ಎಕ್ಸ್, ಬೇಲ ವೈ ಅಂತಿಟ್ಟುಕೊಳ್ಳಿ. ಕೂಡಿದರೆ 16ಎಕ್ಸ್ + 16ವೈ = 208, ಅಂದರೆ ಎಕ್ಸ್ + ವೈ = 13. ಕಳೆದರೆ 2ಎಕ್ಸ್ − 2ವೈ = 6, ಅಂದರೆ ಎಕ್ಸ್ − ವೈ = 3. ಈಗ ಎಲ್ಲ ಸಹಗುಣಕವೂ 1 ಅಥವಾ −1. ಎಕ್ಸ್ = 13 − ವೈ ಅನ್ನು ಇನ್ನೊಂದಕ್ಕೆ ಹಾಕಿ: 13 − 2ವೈ = 3. ಬೇಲಕ್ಕೆ 5, ಮಾದಳಕ್ಕೆ 8.